ಮಕ್ಕಳ ಲಸಿಕೆ: ಕಡ್ಡಾಯ ಯಾರಿಗೆ, ಹೊಣೆ ಯಾರದು?

ದಾವಣಗೆರೆ: ಪಲ್ಸ್ ಪೋಲಿಯೊ ಭಾನುವಾರ ಬಂತೆಂದರೆ ನಗರದ ಮಂಡಿಪೇಟೆಯಲ್ಲಿಯೂ ಒಂದು ಮೇಜು, ಎರಡು ಕುರ್ಚಿ, ಒಂದು ಬ್ಯಾನರು ಹಾಗೂ ಮಂಜುಗಡ್ಡೆ ತುಂಬಿದ ಲಸಿಕೆ ಪೆಟ್ಟಿಗೆ ಪ್ರತ್ಯಕ್ಷವಾಗುತ್ತವೆ. ಮೂಟೆ ಹೊರುವ ಹಮಾಲರ ಮಕ್ಕಳು, ಮಂಡಿ ಮಾಲೀಕರ ಮೊಮ್ಮಕ್ಕಳು, ಊರಿಗೆ ಹೋಗಲು ಬಸ್ ನಿಲ್ದಾಣದತ್ತ ಹೊರಟವರ ಕೂಸುಗಳು, ಎಲ್ಲರ ಬಾಯಿಗೂ ಬೀಳುವುದು ಅದೇ ಎರಡು ಹನಿ. ಎಡಗೈ ಕಿರುಬೆರಳಿಗೆ ಅದೇ ಮಸಿ. ಅಲ್ಲಿಗೆ ಬಾರದ ಮಕ್ಕಳನ್ನು ಹುಡುಕಿಕೊಂಡು ಮುಂದಿನ ಎರಡು ಮೂರು ದಿನ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಮನೆಮನೆ ಅಲೆಯುತ್ತಾರೆ. ಕೆಲಸ ಮುಗಿದ ಮನೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ 'ಪಿ' ಎಂದೂ, ಮಗು ಸಿಗದ ಮನೆಗೆ 'ಎಕ್ಸ್' ಎಂದೂ ಬರೆಯುತ್ತಾರೆ.

ಈ ಇಡೀ ವ್ಯವಸ್ಥೆಯಲ್ಲಿ ಪೊಲೀಸರಿಲ್ಲ, ದಂಡವಿಲ್ಲ. ಹನಿ ಹಾಕಿಸದ ತಂದೆತಾಯಿಯನ್ನು ಶಿಕ್ಷಿಸುವ ಕಾನೂನೂ ಇಲ್ಲ. ಆದರೂ 1995ರಲ್ಲಿ ಆರಂಭವಾದ ಈ ಅಭಿಯಾನದ ಫಲವಾಗಿ ದೇಶದ ಕೊನೆಯ ಸಹಜ ಪೋಲಿಯೊ ಪ್ರಕರಣ 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ದಾಖಲಾಯಿತು. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊ ಮುಕ್ತ ಪ್ರಮಾಣಪತ್ರವೂ ದೊರೆಯಿತು.

ಹಾಗಿರುವಾಗ ಮಕ್ಕಳ ಲಸಿಕೆಯನ್ನು ಕಾನೂನಿನ ಮೂಲಕ ಕಡ್ಡಾಯಗೊಳಿಸಬೇಕೆಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತಿರುವುದೇಕೆ? ಕಾರಣ ದಡಾರ ಮತ್ತು ಗಂಟಲುಮಾರಿ. ಹಳೆಯ ಕಾಲದವೆಂದು ಭಾವಿಸಿದ್ದ ಈ ಎರಡು ರೋಗಗಳು ಮರಳಿ ಬರುತ್ತಿವೆ. 2016ರಲ್ಲಿ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಗಂಟಲುಮಾರಿಯಿಂದ ಮಕ್ಕಳು ಮೃತಪಟ್ಟರು. 2022ರಲ್ಲಿ ಮುಂಬೈನ ಕೊಳೆಗೇರಿಗಳಲ್ಲಿ ದಡಾರ ಹಬ್ಬಿ ಹಲವು ಕಂದಮ್ಮಗಳನ್ನು ಬಲಿ ಪಡೆಯಿತು. 2025ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಲಸಿಕೆ ಹಾಕಿಸದ ಇಬ್ಬರು ಮಕ್ಕಳು ದಡಾರಕ್ಕೆ ಬಲಿಯಾದರು. ಅದೇ ವರ್ಷದ ನವೆಂಬರ್‌ನಲ್ಲಿ ಕೆನಡಾ ತನ್ನ ದಡಾರ ಮುಕ್ತ ಸ್ಥಾನವನ್ನು ಕಳೆದುಕೊಂಡಿತು. ಒಂದೆಡೆ ಇಟಲಿ (2017), ಫ್ರಾನ್ಸ್ (2018), ಜರ್ಮನಿ (2020) ದೇಶಗಳು ಕಡ್ಡಾಯದ ಹಾದಿ ಹಿಡಿದರೆ, ಇನ್ನೊಂದೆಡೆ ಅಮೆರಿಕದ ಫ್ಲಾರಿಡಾ ರಾಜ್ಯ ಇರುವ ಕಡ್ಡಾಯವನ್ನೇ ಕೈಬಿಡುವುದಾಗಿ 2025ರ ಸೆಪ್ಟೆಂಬರ್‌ನಲ್ಲಿ ಘೋಷಿಸಿತು. ಹೀಗಾಗಿ ನಮ್ಮ ರಾಜ್ಯದ ಮಟ್ಟಿಗೆ ಈ ಪ್ರಶ್ನೆಯ ಹಿಂದುಮುಂದನ್ನು ತಿಳಿದುಕೊಳ್ಳುವುದು ಉಚಿತ.

ಈಗಿರುವ ಸ್ಥಿತಿ

ಮೊದಲು ಒಂದು ತಪ್ಪುಗ್ರಹಿಕೆಯನ್ನು ನಿವಾರಿಸಬೇಕು. ಶಾಲೆಗೆ ಸೇರಿಸುವಾಗ ಲಸಿಕೆ ಕಾರ್ಡು ಕೇಳುವುದರಿಂದ ಅದು ಕಾನೂನಿನ ಕಡ್ಡಾಯವೆಂದು ಅನೇಕ ಪೋಷಕರು ತಿಳಿದಿದ್ದಾರೆ. ವಾಸ್ತವವಾಗಿ, ಲಸಿಕೆ ಹಾಕಿಸದ ಮಗುವಿಗೆ ಶಾಲೆಯ ಪ್ರವೇಶವನ್ನು ನಿರಾಕರಿಸುವ ಕಾನೂನು ಕರ್ನಾಟಕದಲ್ಲಿಲ್ಲ. 1985ರಿಂದ ನಡೆದುಬಂದಿರುವ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಉಚಿತ, ಆದರೆ ಸ್ವಯಂಪ್ರೇರಿತ. ಹುಟ್ಟಿದಾಗ ಕ್ಷಯ, ಹೆಪಟೈಟಿಸ್ ಬಿ ಮತ್ತು ಪೋಲಿಯೊ ಲಸಿಕೆ. ಬಳಿಕ 6, 10 ಹಾಗೂ 14ನೇ ವಾರಗಳಲ್ಲಿ ಪೆಂಟಾವೇಲೆಂಟ್ ಮೊದಲಾದವು. 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾದ ಮೊದಲ ಡೋಸು, 16ರಿಂದ 24 ತಿಂಗಳ ನಡುವೆ ಎರಡನೆಯದು. 5-6 ವರ್ಷಕ್ಕೆ ಡಿಪಿಟಿಯ ಎರಡನೇ ಬೂಸ್ಟರು. 10 ಮತ್ತು 16ನೇ ವಯಸ್ಸಿನಲ್ಲಿ ಟಿಡಿ. ಇದಿಷ್ಟು ಪಟ್ಟಿ.

ಸಂವಿಧಾನದ ಪ್ರಕಾರ ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯ ವಿಷಯ. ಸಾಂಕ್ರಾಮಿಕ ರೋಗಗಳು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯಲ್ಲಿದೆ. ಅಂದರೆ ಬೆಂಗಳೂರಿನ ವಿಧಾನಸಭೆ ಮನಸ್ಸು ಮಾಡಿದರೆ ಇಂತಹ ಕಾಯಿದೆ ತರಲು ಅಡ್ಡಿಯಿಲ್ಲ. 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಅಧಿನಿಯಮವಿದೆ. ಆದರೆ ಅದರ ಗುರಿ ರೋಗ ಹಬ್ಬಿದ ತುರ್ತು ಸಂದರ್ಭವೇ ಹೊರತು, ಪ್ರತಿ ಗುರುವಾರ ಆರೋಗ್ಯ ಕೇಂದ್ರದಲ್ಲಿ ನಡೆಯುವ ಚುಚ್ಚುಮದ್ದಿನ ಸರದಿಯಲ್ಲ.

ಹೊಳೆಯ ಒಂದೊಂದು ದಡಕ್ಕೆ ಒಂದೊಂದು ಆಡಳಿತ

ಕಡ್ಡಾಯ ಲಸಿಕೆ ಈ ನೆಲಕ್ಕೆ ಹೊಸದೇನಲ್ಲ. ಹರಿಹರದ ಸೇತುವೆಯ ಮೇಲೆ ನಿಂತು ನೋಡಿದರೆ ಈ ಇತಿಹಾಸ ಸುಲಭವಾಗಿ ಅರ್ಥವಾಗುತ್ತದೆ. ಏಕೀಕರಣಕ್ಕೆ ಮುಂಚೆ ಹರಿಹರ, ದಾವಣಗೆರೆಗಳು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ತುಂಗಭದ್ರೆಯ ಆಚೆ ದಡದ ರಾಣೇಬೆನ್ನೂರು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯದು. 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯ ಭಾಗವಾಗಿದ್ದ ಹರಪನಹಳ್ಳಿ ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಮುಂಬಯಿ ಪ್ರಾಂತ್ಯದಲ್ಲಿ 1892ರ ಜಿಲ್ಲಾ ಲಸಿಕೆ ಕಾಯಿದೆ ಇತ್ತು. ಅಧಿಸೂಚನೆ ಹೊರಟ ಪ್ರದೇಶಗಳಲ್ಲಿ ಮಗುವಿಗೆ ಸಿಡುಬಿನ ಲಸಿಕೆ ಹಾಕಿಸುವುದು ಹೆತ್ತವರ ಮೇಲಿನ ಕಾನೂನುಬದ್ಧ ಕರ್ತವ್ಯವಾಗಿತ್ತು. ಮದರಾಸಿನಲ್ಲಿ 1939ರ ಸಾರ್ವಜನಿಕ ಆರೋಗ್ಯ ಕಾಯಿದೆ ಬಂದಿತು. ಮೈಸೂರು ತನ್ನದೇ ಲಸಿಕಾ ಸಿಬ್ಬಂದಿಯೊಂದಿಗೆ ತನ್ನದೇ ಹಾದಿಯಲ್ಲಿತ್ತು. ಒಂದೇ ಸಂತೆಗೆ ಬರುವ, ಒಂದೇ ಜಾತ್ರೆಯಲ್ಲಿ ಕಲೆಯುವ, ಪರಸ್ಪರ ಹೆಣ್ಣು ಕೊಟ್ಟು ತರುವ ಮೂರು ಊರುಗಳ ಮಕ್ಕಳು ಮೂರು ಆಡಳಿತಗಳ ಕೆಳಗಿದ್ದರು. ಸಿಡುಬಿಗೆ ಮಾತ್ರ ಹೊಳೆ ದಾಟಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಇದಕ್ಕೂ ಹಿಂದೆ, ಕಾಯಿದೆ ಎಂಬ ಮಾತೇ ಇಲ್ಲದ ಕಾಲದಲ್ಲಿ ಮೈಸೂರು ಅರಮನೆ ಬೇರೆಯೇ ದಾರಿ ತೋರಿತ್ತು. ಭಾರತದಲ್ಲಿ ಮೊದಲ ಸಿಡುಬಿನ ಲಸಿಕೆ ಹಾಕಿದ್ದು 1802ರ ಜೂನ್ 14ರಂದು, ಮುಂಬಯಿಯಲ್ಲಿ, ಮೂರು ವರ್ಷದ ಬಾಲಕಿಯೊಬ್ಬಳಿಗೆ. ಅದಾಗಿ ಮೂರೇ ವರ್ಷಕ್ಕೆ, 1805ರ ಸುಮಾರಿನಲ್ಲಿ, ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕಿ ಮೈಸೂರು ಅರಮನೆಯ ಮೂವರು ಸ್ತ್ರೀಯರ ವರ್ಣಚಿತ್ರ ಬರೆದ. ಅವರಲ್ಲೊಬ್ಬರು ಸೀರೆಯ ಸೆರಗನ್ನು ಸರಿಸಿ ತೋಳಿನತ್ತ ಕೈ ಮಾಡಿದ್ದಾರೆ. ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರೆಂದೂ, ಲಸಿಕೆ ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ತೋರಿಸುತ್ತಿದ್ದಾರೆಂದೂ ಕೇಂಬ್ರಿಡ್ಜಿನ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಿವರಿಸಿದ್ದಾರೆ. ಈ ವಿವರಣೆ ಸರಿಯಾದಲ್ಲಿ, ಕನ್ನಡ ನಾಡಿನ ಮೊದಲ ಲಸಿಕೆ ಜಾಹೀರಾತು ಅದೇ ಎನ್ನಬೇಕು. ಒಪ್ಪಿಸುವ ಕೆಲಸ ಮನೆಯೊಳಗಿನ ಹೆಣ್ಣುಮಕ್ಕಳಿಂದ ಆಗಬೇಕೆಂಬ ತಿಳಿವಳಿಕೆ ಅಂದೇ ಇತ್ತು.

ಜನ ಸುಲಭವಾಗಿ ಒಪ್ಪಲಿಲ್ಲ ಎಂಬುದೂ ಅಷ್ಟೇ ನಿಜ. ಸಿಡುಬು ಬಂದರೆ 'ಅಮ್ಮ ಬಂದಿದ್ದಾಳೆ' ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದ ಸೀಮೆ ಇದು. ನಮ್ಮ ಕಡೆ 'ದಾಕು ಹಾಕುವುದು' ಎಂದೂ, ಹೊಳೆಯಾಚೆ 'ದೇವಿ ಹಾಕುವುದು' ಎಂದೂ ಕರೆಯುತ್ತಿದ್ದ ಆ ಲಸಿಕೆಯನ್ನು ಮೊದಮೊದಲು ಒಬ್ಬರ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಬ್ಬರಿಗೆ ಹಾಕಲಾಗುತ್ತಿತ್ತು. ಯಾವ ಜಾತಿಯ ಯಾರ ಮೈಯ ರಸ ತಮ್ಮ ಮಗುವಿನ ಮೈಸೇರುತ್ತದೋ ಎಂಬ ಅಳುಕಿತ್ತು. ರಸ ಕೊಡುವ ಮಗುವಿಗೆ ಏನಾಗುವುದೋ ಎಂಬ ಭಯವೂ ಇತ್ತು. ಆ ಭಯ ಪೂರ್ತಿ ನಿರಾಧಾರವೂ ಆಗಿರಲಿಲ್ಲ, ಏಕೆಂದರೆ ಬೇರೆ ರೋಗಗಳು ಹಾಗೆ ದಾಟುವ ಸಾಧ್ಯತೆ ಇತ್ತು. ಕರುವಿನ ಮೈಯಲ್ಲಿ ಲಸಿಕೆ ಬೆಳೆಸುವ ಪದ್ಧತಿ ಬಂದ ಮೇಲೆ ಈ ಆಕ್ಷೇಪ ಕ್ರಮೇಣ ಕರಗಿತು. ಬೆಂಗಳೂರಿನ ಲಸಿಕಾ ಕೇಂದ್ರದಲ್ಲಿ ಆ ಕೆಲಸ ಮಾಡಿದವರ ಪೈಕಿ ಡಾ. ಪಲ್ಪು ಒಬ್ಬರು. ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಸಂಸ್ಥಾನ ಕೆಲಸ ನಿರಾಕರಿಸಿದ ಈ ವೈದ್ಯರಿಗೆ ಕೆಲಸ ಕೊಟ್ಟದ್ದು ಮೈಸೂರು ಸಂಸ್ಥಾನ.

1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಂದಾಗ ಹಾಫ್‌ಕಿನ್ ರೂಪಿಸಿದ ಚುಚ್ಚುಮದ್ದನ್ನು ಸಾವಿರಾರು ಜನರಿಗೆ ಕೊಡಲಾಯಿತು. ಇಷ್ಟು ದೊಡ್ಡ ಪ್ರಮಾಣದಲ್ಲಿ ಪ್ಲೇಗು ಲಸಿಕೆ ಬಳಸಿದ ಮೊದಲ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು. ಆದರೆ 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದು ಸೀಸೆಯ ಮದ್ದು ಕಲುಷಿತಗೊಂಡು 19 ಮಂದಿ ಧನುರ್ವಾಯುವಿನಿಂದ ಸತ್ತರು. ಆ ಒಂದು ಸೀಸೆಯ ಸುದ್ದಿ ದೇಶದಾದ್ಯಂತ ಲಸಿಕೆಯ ಮೇಲಿನ ನಂಬಿಕೆಯನ್ನು ಕೆಡಿಸಿತು. ಬಲವಂತದ ವಿಷಯದಲ್ಲಿ ಇನ್ನೂ ಹತ್ತಿರದ ನೆನಪು 1970ರ ದಶಕದ್ದು. ಸಿಡುಬು ನಿರ್ಮೂಲನೆಯ ಕೊನೆಯ ಹಂತದಲ್ಲಿ ಬಿಹಾರದಂತಹ ಕಡೆ ರಾತ್ರೋರಾತ್ರಿ ಮನೆಗೆ ನುಗ್ಗಿ, ಹಿಡಿದು ಲಸಿಕೆ ಹಾಕಿದ ಪ್ರಸಂಗಗಳನ್ನು ಅಭಿಯಾನದಲ್ಲಿದ್ದ ವೈದ್ಯರೇ ಬಳಿಕ ಬರೆದುಕೊಂಡಿದ್ದಾರೆ. ಸಿಡುಬು ಹೋಯಿತು; 1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಅದನ್ನು ಅಧಿಕೃತವಾಗಿ ಸಾರಿತು. ನುಗ್ಗಿದ್ದರಿಂದಲೇ ಹೋಯಿತೋ, ನುಗ್ಗದಿದ್ದರೂ ಹೋಗುತ್ತಿತ್ತೋ ಎಂಬ ವಾದ ಇತಿಹಾಸಕಾರರಲ್ಲಿ ಮುಗಿದಿಲ್ಲ.

ಎಲ್ಲ ಲಸಿಕೆಯೂ ಒಂದೇ ಅಲ್ಲ

ಕಡ್ಡಾಯದ ಪರವಾಗಿರುವ ಪ್ರಬಲ ವಾದ ಒಂದೇ: ನನ್ನ ಮಗುವಿಗೆ ಲಸಿಕೆ ಹಾಕಿಸದೆ ಇರುವುದು ನನ್ನ ಮನೆಯೊಳಗಿನ ವಿಚಾರ ಮಾತ್ರವಲ್ಲ, ಅದರಿಂದ ಪಕ್ಕದ ಮನೆಯ ಮಗುವಿಗೂ ಅಪಾಯ. ಒಂಬತ್ತು ತಿಂಗಳು ತುಂಬದ ಕೂಸು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಬಾಲಕ, ಇಂತಹವರಿಗೆ ದಡಾರದ ಲಸಿಕೆ ಹಾಕಲಾಗದು. ಅವರನ್ನು ಕಾಯುವುದು ಸುತ್ತಲಿನವರ ಲಸಿಕೆ. ದಡಾರದ ಒಬ್ಬ ರೋಗಿ, ರೋಗನಿರೋಧಕ ಶಕ್ತಿಯೇ ಇಲ್ಲದ ಜನರ ನಡುವೆ 12ರಿಂದ 18 ಜನರಿಗೆ ಸೋಂಕು ತಗುಲಿಸಬಲ್ಲ. ಆದ್ದರಿಂದಲೇ ಸಮುದಾಯದ ಶೇ. 95ರಷ್ಟು ಮಂದಿಗೆ ಎರಡೂ ಡೋಸು ಆಗಿರಬೇಕೆಂದು ತಜ್ಞರು ಹೇಳುವುದು.

ಈ ವಾದ ದಡಾರಕ್ಕೆ, ಪೋಲಿಯೊಗೆ, ಗಂಟಲುಮಾರಿಗೆ, ನಾಯಿಕೆಮ್ಮಿಗೆ ಒಪ್ಪುತ್ತದೆ. ಆದರೆ ಧನುರ್ವಾಯುವಿಗೆ? ಅದು ಮಣ್ಣಿನಿಂದ, ತುಕ್ಕು ಹಿಡಿದ ಮೊಳೆಯಿಂದ, ಗಾಯದ ಮೂಲಕ ಬರುವಂಥದ್ದು. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಜಪಾನೀಸ್ ಮೆದುಳುಜ್ವರ ಹಂದಿ ಮತ್ತು ನೀರುಹಕ್ಕಿಗಳಿಂದ ಸೊಳ್ಳೆಗಳ ಮೂಲಕ ಬರುತ್ತದೆ. ಭತ್ತದ ಗದ್ದೆಗಳ ನಡುವೆ ಇರುವ ನಮ್ಮಂತಹ ನೀರಾವರಿ ಸೀಮೆಗೆ ಆ ಲಸಿಕೆ ಅತ್ಯಗತ್ಯ, ಆದರೆ ರೋಗ ತಗುಲಿದ ಮಗುವಿನಿಂದ ಇನ್ನೊಂದು ಮಗುವಿಗೆ ಅದು ಬರುವುದಿಲ್ಲ. ಇವುಗಳನ್ನು ಕಡ್ಡಾಯಗೊಳಿಸುವುದಾದರೆ 'ನೆರೆಯವರ ರಕ್ಷಣೆ' ಎಂಬ ಕಾರಣ ನಡೆಯದು. 'ಮಗುವಿನ ಹಿತವನ್ನು ಹೆತ್ತವರ ಇಚ್ಛೆಗಿಂತ ಮೇಲಿಡಬೇಕು' ಎಂಬ ಬೇರೆಯೇ ಕಾರಣ ಕೊಡಬೇಕಾಗುತ್ತದೆ. ಚರ್ಚೆಯಲ್ಲಿ ಈ ಎರಡನ್ನೂ ಕಲಸಿಬಿಡುವುದೇ ಹೆಚ್ಚು.

ಇನ್ನೊಂದು ಎಚ್ಚರಿಕೆ ಪಕ್ಕದ ಶಿವಮೊಗ್ಗ ಜಿಲ್ಲೆಯಿಂದ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ದಶಕಗಳ ಕಾಲ ಒಂದು ಲಸಿಕೆ ಕೊಡಲಾಯಿತು. ಅದರ ಪರಿಣಾಮ ಸಾಲದೆಂದು ಕಂಡುಬಂದು 2022ರ ಸುಮಾರಿಗೆ ಅದನ್ನು ನಿಲ್ಲಿಸಲಾಯಿತು. ಮಲೆನಾಡಿನ ಜನ ಆ ಚುಚ್ಚುಮದ್ದಿಗೆ ಬರುತ್ತಿಲ್ಲವೆಂದು ಅಧಿಕಾರಿಗಳು ಬೇಸರಪಡುತ್ತಿದ್ದ ದಿನಗಳಿದ್ದವು. ಆಗ ಕಡ್ಡಾಯದ ಕಾಯಿದೆ ಮಾಡಿದ್ದರೆ ಏನಾಗುತ್ತಿತ್ತೆಂದು ಊಹಿಸಬಹುದು. ದಡಾರದ ಲಸಿಕೆಗೆ ಈ ಮಾತು ಅನ್ವಯಿಸದು, ಅದರ ಸಾಮರ್ಥ್ಯ ಜಗತ್ತಿನೆಲ್ಲೆಡೆ ಸಾಬೀತಾಗಿದೆ. ಆದರೆ 'ಲಸಿಕೆ' ಎಂಬ ಒಂದೇ ಪದದಡಿ ಎಲ್ಲವನ್ನೂ ಕಡ್ಡಾಯಗೊಳಿಸುವ ಕಾಯಿದೆ ಏಕೆ ಅಪಾಯಕಾರಿ ಎಂಬುದಕ್ಕೆ ಇದು ಸಾಕ್ಷಿ.

ನ್ಯಾಯಾಲಯಗಳು ಹೇಳಿದ್ದೇನು

ಕೊರೊನಾ ಕಾಲದಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ಬಿ.ಆರ್. ಗವಾಯಿ ಅವರ ಪೀಠ 2022ರ ಮೇ 2ರಂದು ತೀರ್ಪಿತ್ತಿತು. ಸಂವಿಧಾನದ 21ನೇ ವಿಧಿಯಡಿ ದೇಹದ ಮೇಲಿನ ಹಕ್ಕು ವ್ಯಕ್ತಿಯದು, ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲ ಎಂಬುದು ತೀರ್ಪಿನ ಒಂದು ಭಾಗ. ಆದರೆ ಸಾರ್ವಜನಿಕ ಆರೋಗ್ಯದ ಹಿತದೃಷ್ಟಿಯಿಂದ ಸರ್ಕಾರ ನಿರ್ಬಂಧ ವಿಧಿಸಬಹುದು, ಆ ನಿರ್ಬಂಧ ಅಪಾಯಕ್ಕೆ ತಕ್ಕಷ್ಟೇ ಇರಬೇಕು ಎಂಬುದು ಇನ್ನೊಂದು ಭಾಗ. ಲಸಿಕೆ ವಿರೋಧಿಗಳು ಮೊದಲ ಭಾಗವನ್ನೂ, ಕಡ್ಡಾಯವಾದಿಗಳು ಎರಡನೆಯದನ್ನೂ ಉಲ್ಲೇಖಿಸುತ್ತಾರೆ. ತೀರ್ಪು ಓದಿದವರು ಕಡಿಮೆ. ಅದು ಕೊರೊನಾ ಲಸಿಕೆಯ ಕುರಿತದ್ದು. ಲಸಿಕೆ ಹಾಕಿಸಿಕೊಂಡವರಿಗಿಂತ ಹಾಕಿಸಿಕೊಳ್ಳದವರಿಂದ ಸೋಂಕು ಹೆಚ್ಚು ಹರಡುತ್ತದೆಂಬ ಪುರಾವೆಯನ್ನು ಸರ್ಕಾರಗಳು ಒದಗಿಸಲಿಲ್ಲವೆಂಬ ನೆಲೆಯಲ್ಲಿ ಆಗಿನ ನಿರ್ಬಂಧಗಳನ್ನು ಪೀಠ ಸೂಕ್ತವಲ್ಲವೆಂದಿತು. ದಡಾರದ ವಿಷಯದಲ್ಲಿ ಅಂತಹ ಪುರಾವೆಯ ಕೊರತೆ ಇಲ್ಲ.

ಕರ್ನಾಟಕದ ಓದುಗರಿಗೆ ನೆನಪಿರಬಹುದು: ದೇಶದ ಮೊದಲ ಓಮಿಕ್ರಾನ್ ಪ್ರಕರಣಗಳು ಇಲ್ಲಿ ಪತ್ತೆಯಾದ ಬೆನ್ನಲ್ಲೇ 2021ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಮಾಲ್, ಚಿತ್ರಮಂದಿರಗಳಿಗೆ ಎರಡೂ ಡೋಸು ಪಡೆದವರಿಗಷ್ಟೇ ಪ್ರವೇಶವೆಂದಿತು. ಶಾಲಾ ಮಕ್ಕಳ ತಂದೆತಾಯಿಗೂ ಎರಡು ಡೋಸು ಆಗಿರಬೇಕೆಂದು ಆದೇಶಿಸಿತು. ಮಗುವಿನ ಓದನ್ನು ಲಸಿಕೆಗೆ ಕಟ್ಟಿಹಾಕುವ ಪ್ರಯೋಗ ಹೀಗೆ ನಮ್ಮಲ್ಲೂ ಅಲ್ಪಕಾಲ ನಡೆದಿದೆ.

ಮಕ್ಕಳ ಲಸಿಕೆಗೆ ನೇರವಾಗಿ ಸಂಬಂಧಿಸಿದ್ದು 2019ರ ಜನವರಿಯ ದೆಹಲಿ ಹೈಕೋರ್ಟ್ ತೀರ್ಪು. ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಲು ಪೋಷಕರ ಒಪ್ಪಿಗೆ ಬೇಕಿಲ್ಲವೆಂದು ಹೊರಟಿದ್ದ ದೆಹಲಿ ಸರ್ಕಾರಕ್ಕೆ ನ್ಯಾಯಾಲಯ ತಡೆಯೊಡ್ಡಿತು. ಒಪ್ಪಿಗೆ ಬೇಕು, ಅಡ್ಡಪರಿಣಾಮಗಳ ಮಾಹಿತಿಯನ್ನೂ ಕೊಡಬೇಕು ಎಂದಿತು. ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಮಾತ್ರ 2021ರ ಏಪ್ರಿಲ್‌ನಲ್ಲಿ ಬೇರೆ ನಿಲುವು ತಳೆದು, ಲಸಿಕೆ ಹಾಕಿಸದ ಪೋಷಕರಿಗೆ ದಂಡ ವಿಧಿಸಿ ಮಕ್ಕಳನ್ನು ಶಿಶುವಿಹಾರದಿಂದ ಹೊರಗಿಟ್ಟ ಜೆಕ್ ಗಣರಾಜ್ಯದ ನಿಯಮವನ್ನು ಎತ್ತಿಹಿಡಿಯಿತು. ಅಲ್ಲಿಯೂ ಬಲವಂತವಾಗಿ ಹಿಡಿದು ಚುಚ್ಚುವ ಮಾತಿಲ್ಲ. ಕಡ್ಡಾಯ ಶಿಕ್ಷಣದ ಶಾಲೆಯಿಂದ ಹೊರಗಿಡುವ ಮಾತೂ ಇಲ್ಲ.

ಶಾಲೆಯ ಬಾಗಿಲಲ್ಲಿ

ಅಮೆರಿಕದ ಮಾದರಿ ಸರಳ: ಲಸಿಕೆ ಇಲ್ಲದಿದ್ದರೆ ಶಾಲೆ ಇಲ್ಲ. ಅದನ್ನು ಇಲ್ಲಿ ತರಬಹುದೇ? ಇಲ್ಲಿಯೇ ನಮ್ಮ ದೇಶದ ಕಾನೂನು ಎದುರಾಗುತ್ತದೆ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕು. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಸಹ ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ಅಂದಮೇಲೆ ಲಸಿಕೆ ಕಾರ್ಡಿಲ್ಲವೆಂದು ಕಳಿಸಲು ಸಾಧ್ಯವೇ? ಅಲ್ಲದೆ, ಆರನೇ ವಯಸ್ಸಿಗೆ ಶಾಲೆಯ ಬಾಗಿಲಲ್ಲಿ ಹಿಡಿಯುವ ಹೊತ್ತಿಗೆ ಎರಡು ವರ್ಷದೊಳಗೆ ಆಗಬೇಕಿದ್ದ ಲಸಿಕೆಗಳ ಕಾಲ ಎಂದೋ ಮೀರಿರುತ್ತದೆ.

ಹಾಗಾದರೆ ಅಂಗನವಾಡಿಯ ಬಾಗಿಲಲ್ಲಿ ಹಿಡಿಯೋಣವೆಂದರೆ, ಅಲ್ಲಿ ಮಗುವಿಗೆ ಸಿಗುವುದು ಅಕ್ಷರಕ್ಕಿಂತ ಮೊದಲು ಅನ್ನ. 2013ರ ಆಹಾರ ಭದ್ರತಾ ಕಾಯಿದೆಯಡಿ ಆರು ತಿಂಗಳಿಂದ ಆರು ವರ್ಷದ ಮಗುವಿಗೆ ಅಂಗನವಾಡಿಯ ಊಟ ಹಕ್ಕು. ಲಸಿಕೆ ಹಾಕಿಸದ ಮಗುವಿಗೆ ಬಾಗಿಲು ಮುಚ್ಚಿದರೆ, ರೋಗಕ್ಕೆ ಸುಲಭವಾಗಿ ತುತ್ತಾಗುವ ಹಸಿದ ಮಗುವಿನ ತಟ್ಟೆಯನ್ನೇ ಕಿತ್ತುಕೊಂಡಂತಾಗುತ್ತದೆ. ಶಾಲೆ ಮತ್ತು ಅಂಗನವಾಡಿ ಎರಡೂ ಹಕ್ಕುಗಳಾಗಿರುವ ನಾಡಿನಲ್ಲಿ ಜೆಕ್ ಅಥವಾ ಅಮೆರಿಕದ ಮಾದರಿಯನ್ನು ಹಾಗೆಯೇ ಎತ್ತಿ ತರುವುದು ಅಸಾಧ್ಯವೆಂಬುದು ಈ ವರದಿಗಾರನ ಅಭಿಪ್ರಾಯ.

ಇಷ್ಟಾದರೂ ನಮ್ಮಲ್ಲಿ ಕಡ್ಡಾಯ ಇಲ್ಲವೇ ಇಲ್ಲವೆನ್ನಲಾಗದು. ಅದು ಬೇರೆ ಹೆಸರಿನಲ್ಲಿದೆ. 2006ರ ಮಾರ್ಚ್ 31ರ ನಂತರ ಬಡ ಕುಟುಂಬಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗಾಗಿ ರಾಜ್ಯ ಸರ್ಕಾರ ತಂದ ಭಾಗ್ಯಲಕ್ಷ್ಮಿ ಯೋಜನೆಯ ಷರತ್ತುಗಳನ್ನು ನೋಡಿ: ಮಗುವಿಗೆ ಆರೋಗ್ಯ ಇಲಾಖೆಯ ಪಟ್ಟಿಯಂತೆ ಲಸಿಕೆ ಹಾಕಿಸಿರಬೇಕು. ಕೇಂದ್ರದ ಮಾತೃವಂದನಾ ಯೋಜನೆಯ ಕೊನೆಯ ಕಂತು ಕೈಸೇರಬೇಕಾದರೆ ಮಗುವಿಗೆ ಮೊದಲ ಸುತ್ತಿನ ಲಸಿಕೆ ಮುಗಿದಿರಬೇಕು. ಇದು ದಂಡವಲ್ಲ, ಪ್ರೋತ್ಸಾಹ ಎನ್ನಬಹುದು. ಆದರೆ ಹಣದ ಅಗತ್ಯವಿರುವವನಿಗೆ ಇವೆರಡರ ನಡುವಿನ ಅಂತರ ತೆಳ್ಳಗೆ. ಹೆಚ್ಚಿನ ಶುಲ್ಕದ ಖಾಸಗಿ ಶಾಲೆಗೆ ಮಗುವನ್ನು ಕಳಿಸುತ್ತಾ, ಮೊಬೈಲಿನಲ್ಲಿ ಬಂದ ಸಂದೇಶ ನಂಬಿ ದಡಾರದ ಲಸಿಕೆಯನ್ನು ನಿರಾಕರಿಸುವ ವಿದ್ಯಾವಂತನಿಗೆ ಇಂತಹ ಯಾವ ಷರತ್ತೂ ಇಲ್ಲ. 2017ರ ಫೆಬ್ರುವರಿಯಲ್ಲಿ ರಾಜ್ಯದಲ್ಲಿ ದಡಾರ-ರುಬೆಲ್ಲಾ ಅಭಿಯಾನ ಆರಂಭವಾದಾಗ 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ ಲಸಿಕೆ ಹಾಕುವ ಗುರಿಯಿತ್ತು. ಆಗ ವಾಟ್ಸ್‌ಆ್ಯಪ್ ವದಂತಿಗಳು ಮುಟ್ಟಿದ್ದು ಗುಡಿಸಲುಗಳನ್ನಷ್ಟೇ ಅಲ್ಲ. ಈ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಲೇಖನವನ್ನು ಪ್ರಕಟಿಸಿದ್ದ 'ಲ್ಯಾನ್ಸೆಟ್' ಪತ್ರಿಕೆಯೇ ಅದನ್ನು 2010ರಲ್ಲಿ ಹಿಂತೆಗೆದುಕೊಂಡಿದೆ. ಆದರೂ ಆ ಸಂದೇಶ ಈಗಲೂ ಸುತ್ತುತ್ತಿದೆ.

ತಪ್ಪಿಹೋಗುವ ಮಗು ಯಾವುದು?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ (2015-16) ಕರ್ನಾಟಕದ 12ರಿಂದ 23 ತಿಂಗಳ ಮಕ್ಕಳಲ್ಲಿ ಪೂರ್ಣ ಲಸಿಕೆ ಪಡೆದವರು ಶೇ. 62.6. ಐದನೇ ಸುತ್ತಿನಲ್ಲಿ (2019-21) ಅದು ಶೇ. 84.1ಕ್ಕೆ ಏರಿತು. ಈ ಏರಿಕೆ ಯಾವ ದಂಡದ ಕಾಯಿದೆಯಿಂದಲೂ ಆದದ್ದಲ್ಲ. ಉಳಿದ ಆ ಹದಿನಾರು ಮಂದಿ ಯಾರು ಎಂಬುದೇ ನಿಜವಾದ ಪ್ರಶ್ನೆ.

ಅವರಲ್ಲಿ ಲಸಿಕೆ ಬೇಡವೆಂದು ಪಟ್ಟು ಹಿಡಿದವರೂ ಇದ್ದಾರೆ. ಆದರೆ ಆರೋಗ್ಯ ಕಾರ್ಯಕರ್ತೆಯರ ಬೆನ್ನು ಹತ್ತಿ ಈ ಸೀಮೆಯಲ್ಲಿ ನಾಲ್ಕು ದಿನ ತಿರುಗಿದವರಿಗೆ ಬೇರೆಯೇ ಚಿತ್ರ ಕಾಣುತ್ತದೆ. ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟದ ಕೆಲಸಕ್ಕೆ ಗುಳೆ ಹೋದ ಕುಟುಂಬದ ಮಗುವಿಗೆ ಆರನೇ ವಾರದ ಚುಚ್ಚುಮದ್ದು ಇಲ್ಲಾಗಿರುತ್ತದೆ, ಹತ್ತನೇ ವಾರದ್ದು ಎಲ್ಲಿಯೂ ಆಗಿರುವುದಿಲ್ಲ. ಇಟ್ಟಿಗೆ ಗೂಡಿನ ಬಳಿ ಟೆಂಟು ಹಾಕಿದವರು ಯಾವ ಆಶಾ ಕಾರ್ಯಕರ್ತೆಯ ಪಟ್ಟಿಗೂ ಸೇರಿರುವುದಿಲ್ಲ. ಕುರಿ ಮಂದೆಯ ಹಿಂದೆ ಊರೂರು ತಿರುಗುವವರದೂ ಇದೇ ಕಥೆ. ಮಂಡಕ್ಕಿ ಭಟ್ಟಿಯ ಉರಿಯ ಮುಂದೆ, ಮಂಡಿಯ ಚೀಲದ ಕೆಳಗೆ ದುಡಿಯುವ ದಂಪತಿಗೆ ಲಸಿಕೆ ಎಂದರೆ ಒಂದು ದಿನದ ಕೂಲಿ. ಆ ರಾತ್ರಿ ಮಗುವಿಗೆ ಜ್ವರ ಬಂದರೆ ಮರುದಿನದ್ದೂ ಹೋಯಿತು. ಚುಚ್ಚುಮದ್ದಿನ ನಂತರ ಜ್ವರ ಬರುವುದು ಸಹಜ, ಪ್ಯಾರಾಸಿಟಮಾಲ್ ಹನಿ ಹೀಗೆ ಕೊಡಿ ಎಂದು ಎರಡು ನಿಮಿಷ ಹೇಳುವವರಿದ್ದರೆ ತಾಯಿ ಮುಂದಿನ ಡೋಸಿಗೆ ಬರುತ್ತಾಳೆ. ಹೇಳದಿದ್ದರೆ ಬರುವುದಿಲ್ಲ. ಇಂತಹವಳ ಮೇಲೆ ದಂಡ ಹಾಕಿದರೆ ಖಜಾನೆಗೆ ನಾಲ್ಕು ಕಾಸು ಬರಬಹುದು, ಮಗುವಿಗೆ ಲಸಿಕೆ ಬರುವುದಿಲ್ಲ. ಆ ಎರಡು ನಿಮಿಷದ ಮಾತಾಡಬೇಕಾದ ಆಶಾ ಕಾರ್ಯಕರ್ತೆಯರು ತಮ್ಮ ಗೌರವಧನಕ್ಕಾಗಿ ಬೆಂಗಳೂರಿನಲ್ಲಿ ಧರಣಿ ಕೂರಬೇಕಾಗಿ ಬಂದದ್ದನ್ನೂ ಇಲ್ಲಿಯೇ ನೆನೆಯಬೇಕು.

ಹೊಣೆಯ ಮಾತು ಬಂದಾಗ 2022ರ ಜನವರಿಯ ಘಟನೆಯನ್ನು ಮರೆಯುವಂತಿಲ್ಲ. ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಕಂದಮ್ಮಗಳು ಮೃತಪಟ್ಟವು. ಲಸಿಕೆಯನ್ನು ನಿಯಮದಂತೆ ಶೀತಲ ಸರಪಳಿಯಲ್ಲಿ ಇಟ್ಟಿರಲಿಲ್ಲವೆಂದು ಪ್ರಾಥಮಿಕ ತನಿಖೆ ಹೇಳಿತು, ಸಿಬ್ಬಂದಿಯ ಅಮಾನತಾಯಿತು. ತಪ್ಪು ಲಸಿಕೆಯದಲ್ಲ, ಅದನ್ನು ಇಟ್ಟ ರೀತಿಯದು. ಆದರೆ ಸರ್ಕಾರ ಕರೆದಲ್ಲಿಗೆ ನಂಬಿ ಬಂದ ತಾಯಂದಿರಿಗೆ ಈ ವ್ಯತ್ಯಾಸದಿಂದ ಏನು ಸಮಾಧಾನ? ಅಮೆರಿಕ 1986ರಲ್ಲಿ, ಬ್ರಿಟನ್ 1979ರಲ್ಲಿಯೇ ಲಸಿಕೆಯಿಂದ ಹಾನಿಗೊಳಗಾದವರಿಗೆ ಪರಿಹಾರ ನೀಡುವ ಕಾನೂನು ಮಾಡಿವೆ. ಮಕ್ಕಳ ಲಸಿಕೆಗಾಗಿ ನಮ್ಮ ಸಂಸತ್ತು ಅಂತಹ ಕಾನೂನು ಮಾಡಿಲ್ಲ. ಹಾಕಿಸಲೇಬೇಕೆಂದು ಆಜ್ಞಾಪಿಸುವ ಸರ್ಕಾರ, ಲಕ್ಷಕ್ಕೊಂದು ಕಡೆ ಕೆಡುಕಾದಾಗ ಕೈಹಿಡಿಯುವ ಮಾತನ್ನೂ ಅದೇ ಕಾಗದದಲ್ಲಿ ಬರೆದುಕೊಡಬೇಕಾಗುತ್ತದೆ.

ಇಂಗ್ಲೆಂಡಿನ ಅನುಭವವೂ ಇಲ್ಲಿ ಉಪಯುಕ್ತ. 1853ರಲ್ಲಿ ಅಲ್ಲಿ ಕೂಸುಗಳಿಗೆ ಸಿಡುಬಿನ ಲಸಿಕೆ ಕಡ್ಡಾಯವಾಯಿತು. ದಂಡ ಹೆಚ್ಚಿದಂತೆ ಪ್ರತಿಭಟನೆಯೂ ಹೆಚ್ಚಿ 1885ರಲ್ಲಿ ಲೆಸ್ಟರ್ ನಗರದಲ್ಲಿ ಭಾರಿ ಮೆರವಣಿಗೆ ನಡೆಯಿತು. ಕೊನೆಗೆ 1898ರಲ್ಲಿ, ಮನಸ್ಸಾಕ್ಷಿ ಒಪ್ಪದವರು ಅದನ್ನು ಅಧಿಕಾರಿಯ ಮುಂದೆ ಹೇಳಿ ವಿನಾಯಿತಿ ಪಡೆಯಬಹುದೆಂದು ಕಾಯಿದೆ ಬದಲಾಯಿತು. ಇಂದು ಬ್ರಿಟನ್ನಿನಲ್ಲಿ ಮಕ್ಕಳ ಲಸಿಕೆ ಕಡ್ಡಾಯವಲ್ಲ.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಕರ್ನಾಟಕಕ್ಕೆ ಕಾಯಿದೆ ಬೇಕು, ಆದರೆ ಅದರ ಮೊದಲ ಕಲಮು ಸರ್ಕಾರವನ್ನು ಕಟ್ಟಿಹಾಕುವಂತಿರಬೇಕು ಎನಿಸುತ್ತದೆ. ಗುಳೆ ಹೋದ ಮಗುವಿಗೂ ಹೋದಲ್ಲಿಯೇ ಸಕಾಲಕ್ಕೆ ಲಸಿಕೆ ಸಿಗುವುದು ಹಕ್ಕಾಗಬೇಕು. ಯು-ವಿನ್ ಪೋರ್ಟಲಿನಿಂದಾಗಿ ದಾಖಲೆಯನ್ನು ಊರಿಂದೂರಿಗೆ ಒಯ್ಯುವುದು ಈಗ ಕಷ್ಟವಲ್ಲ. ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ಶಾಲೆಯೂ ಒಂದನೇ ತರಗತಿಯ ಪ್ರವೇಶದ ವೇಳೆ ಲಸಿಕೆ ಕಾರ್ಡು ನೋಡಬೇಕು. ಕೊರತೆಯಿದ್ದರೆ ಮಗುವನ್ನು ಸೇರಿಸಿಕೊಂಡೇ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಬೇಡವೆನ್ನುವ ಪೋಷಕರು ವೈದ್ಯರ ಎದುರು ಕೂತು ಮಾತಾಡಿ, ಬಳಿಕವೂ ಬೇಡವಾದರೆ ಲಿಖಿತವಾಗಿ ಹೇಳಬೇಕು. ಊರಿನಲ್ಲಿ ದಡಾರವೋ ಗಂಟಲುಮಾರಿಯೋ ಕಾಣಿಸಿಕೊಂಡಾಗ ಮಾತ್ರ, ಲಸಿಕೆಯಾಗದ ಮಗುವನ್ನು ನಿಗದಿತ ದಿನಗಳ ಮಟ್ಟಿಗೆ ಮನೆಯಲ್ಲಿರಿಸುವ ಅಧಿಕಾರ ಇರಲಿ. ಸುಪ್ರೀಂ ಕೋರ್ಟ್ ಹೇಳಿದ 'ಅಪಾಯಕ್ಕೆ ತಕ್ಕ ನಿರ್ಬಂಧ'ದ ಚೌಕಟ್ಟಿನೊಳಗೆ ಇದು ನಿಲ್ಲಬಲ್ಲದು. ಇಷ್ಟು ಮಾಡಿದರೆ ಸಾಲದು, ದಂಡವೇ ಬೇಕು ಎನ್ನುವ ವೈದ್ಯರಿದ್ದಾರೆ. ಗಂಟಲುಮಾರಿಯಿಂದ ಉಸಿರುಗಟ್ಟಿದ ಮಗುವನ್ನು ನೋಡಿದವರ ಆ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು.

ಸದ್ಯಕ್ಕೆ ಪೋಷಕರು ಮಾಡಬಹುದಾದದ್ದು: ತಾಯಿ ಕಾರ್ಡನ್ನು ತೆಗೆದು ನೋಡುವುದು. ಒಂದೂವರೆ ವರ್ಷದ ನಂತರ ಹೆಚ್ಚಿನವರು ಆ ಕಾರ್ಡನ್ನು ಬೀರುವಿನಲ್ಲಿಟ್ಟು ಮರೆಯುತ್ತಾರೆ. 5-6 ವರ್ಷದ ಡಿಪಿಟಿ ಬೂಸ್ಟರಿನ ಸಾಲು ಅನೇಕ ಕಾರ್ಡುಗಳಲ್ಲಿ ಖಾಲಿಯಾಗಿಯೇ ಇರುತ್ತದೆ. ಗಂಟಲುಮಾರಿ ಈಗ ಹೆಚ್ಚಾಗಿ ಕಾಣಿಸಿಕೊಳ್ಳುತ್ತಿರುವುದು ಕೂಸುಗಳಲ್ಲಲ್ಲ, ಶಾಲೆಗೆ ಹೋಗುವ ವಯಸ್ಸಿನವರಲ್ಲಿ. ಡೋಸು ತಪ್ಪಿದ್ದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಬಹುದು. ಸಮೀಪದ ನಗರ ಆರೋಗ್ಯ ಕೇಂದ್ರದಲ್ಲಿ, ಜಿಲ್ಲಾ ಆಸ್ಪತ್ರೆಯಲ್ಲಿ ಇದು ಉಚಿತ. ಕಾರ್ಡು ಕಳೆದಿದ್ದರೂ ಹಿಂದಕ್ಕೆ ಕಳಿಸುವಂತಿಲ್ಲ.